ಫ್ಲ್ಯಾಶ್ ಮೋಡ್‌ಗಳು: ಆಟೊ ಬಿಟ್ಟು ಬೇರೇದನ್ನ ಯಾವಾಗ ಬಳಸ್ತೀರಿ?

ಕ್ಲಿಕ್ಕಿಗ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಇರೋದು ಪಾಪ್-ಅಪ್ ಫ್ಲ್ಯಾಶ್ ಇರೋ ನಿಕಾನ್ ಡಿಎಸ್‌ಎಲ್‌ಆರ್. ಮಿಂಚಿನ ಗುರುತಿನ ಬಟನ್ ಒತ್ತಿ ಡಯಲ್ ತಿರುಗಿಸ್ತಾ ಹೋದ್ರೆ ಬರೀ ಮಿಂಚು, ಮಿಂಚಿನ ಜೊತೆ ಕಣ್ಣು, ಕಣ್ಣಿನ ಜೊತೆ ಸ್ಲೋ, ಬರೀ ಸ್ಲೋ, ಆಮೇಲೆ ರಿಯರ್, ಹೀಗೆ ಒಂದರ ಹಿಂದೆ ಒಂದು ಬರ್ತವೆ. ಕೈಪಿಡೀಲಿ ಒಂದೊಂದಕ್ಕೆ ಒಂದೊಂದು ಸಾಲು ಬರೆದು ಮುಗಿಸಿದಾರೆ.

ರಾತ್ರಿ ಮನೆಯೊಳಗೆ ತೆಗೆದ್ರೆ ಮುಖ ಸುಣ್ಣ ಬಳಿದ ಹಾಗೆ, ಹಿಂದೆ ಕಗ್ಗತ್ತಲು. ಸ್ಲೋ ಹಾಕಿದ್ರೆ ಹಿನ್ನೆಲೆ ಕಾಣತ್ತೆ, ಆದ್ರೆ ಎಲ್ಲಾ ಅಲುಗಾಡಿರತ್ತೆ. ಮಿಂಚಿಗೂ ರಿಯರ್‌ಗೂ ನನಗಂತೂ ಒಂದು ಕೂದಲೆಳೆ ವ್ಯತ್ಯಾಸ ಕಂಡಿಲ್ಲ. ಇನ್ನೊಂದು ವಿಚಿತ್ರ, ಎಸ್ ಅಥವಾ ಎಂ ಮೋಡ್‌ಗೆ ಹೋದ್ರೆ ಸ್ಲೋ ಅನ್ನೋದೇ ಮಾಯ. ಪಿ ಮೋಡ್‌ನಲ್ಲಿ ತೆಗೆದ ಒಂದು ಫೋಟೊದ ವಿವರ: 1/60 ಸೆಕೆಂಡ್, ಎಫ್ 5.6, ಐಎಸ್‌ಒ 100. ದಯವಿಟ್ಟು ಯಾರಾದ್ರೂ ಬಿಡಿಸಿ ಹೇಳಿ.

ಹಳೇರೋಲು:
ಆ ಪುಟ್ಟ ಫ್ಲ್ಯಾಶ್ ಮುಚ್ಚಿಡಿ, ಅರ್ಧ ಸಮಸ್ಯೆ ಅಲ್ಲೇ ಮುಗೀತು. ಎಫ್ 1.8ರ ಒಂದು 50 ಎಂಎಂ ಲೆನ್ಸ್ ಹಾಕ್ಕೊಳ್ಳಿ, ಐಎಸ್‌ಒ ಏರಿಸಿ. ಇದ್ದ ಬೆಳಕೇ ಚಂದ.

ನೆರಳುಗಾರ:
ಹಳೇರೋಲು ಸರ್ ಹೇಳಿದ್ದು ಒಂದು ದಾರಿ. ಆದ್ರೆ ಅವರು ಕೇಳಿದ್ದು ಅದಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿ ಬರೀತೀನಿ.

ಫ್ಲ್ಯಾಶ್ ಹಾಕಿ ತೆಗೆದ ಪ್ರತಿ ಫೋಟೊದಲ್ಲೂ ಎರಡು ಎಕ್ಸ್‌ಪೋಶರ್ ಇರತ್ತೆ. ಒಂದು ಅಲ್ಲಿ ಮೊದಲೇ ಇದ್ದ ಬೆಳಕಿಂದು, ಇನ್ನೊಂದು ಫ್ಲ್ಯಾಶಿಂದು. ಫ್ಲ್ಯಾಶ್ ಹತ್ತಿ ಆರೋದು ಹೆಚ್ಚುಕಮ್ಮಿ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ. ಪವರ್ ಕಮ್ಮಿ ಇದ್ರೆ ಇನ್ನೂ ಬೇಗ. ಶಟರ್ 1/60 ತೆರೆದಿರ್ಲಿ, ಒಂದು ಸೆಕೆಂಡ್ ತೆರೆದಿರ್ಲಿ, ಫ್ಲ್ಯಾಶಿಂದ ಸೆನ್ಸರ್ ಮೇಲೆ ಬೀಳೋದು ಅಷ್ಟೇ ಬೆಳಕು. ಬಲ್ಬಿನ ಬೆಳಕು ಹಾಗಲ್ಲ, ಶಟರ್ ತೆರೆದಿರೋಷ್ಟು ಹೊತ್ತೂ ಬಂದು ಸೇರ್ತಾನೇ ಇರತ್ತೆ. ಅಂದ್ರೆ ಶಟರ್ ನಿಮ್ಮ ಹಿನ್ನೆಲೆಯ ಕೀಲಿ. ಅಪರ್ಚರ್ (ಲೆನ್ಸಿನ ಕಿಂಡಿ, ಅದೇ ಎಫ್ ಸಂಖ್ಯೆ) ಮತ್ತು ಐಎಸ್‌ಒ (ಸೆನ್ಸರ್‌ನ ಸೂಕ್ಷ್ಮತೆ) ಮಾತ್ರ ಈ ಎರಡು ಬೆಳಕಿಗೂ ತಾಗ್ತವೆ.

ಈಗ ನಿಮ್ಮ ಫೋಟೊ ನೋಡಿ. ರಾತ್ರಿ ಹೊತ್ತು ಮನೆ ಬಲ್ಬಿನ ಬೆಳಕಿಗೆ ಐಎಸ್‌ಒ 100, ಎಫ್ 5.6 ಇಟ್ರೆ ಅರ್ಧ ಸೆಕೆಂಡೋ ಇನ್ನೂ ಜಾಸ್ತಿಯೋ ಬೇಕಾಗತ್ತೆ. ಅರ್ಧ ಸೆಕೆಂಡ್ ಅಂತಾನೇ ಇಟ್ಕೊಳ್ಳಿ. ಕ್ಯಾಮೆರಾ ಕೊಟ್ಟಿದ್ದು 1/60. ಐದು ಸ್ಟಾಪ್ ಕಮ್ಮಿ (ಒಂದು ಸ್ಟಾಪ್ ಇಳಿದ್ರೆ ಬೆಳಕು ಅರ್ಧ), ಅಂದ್ರೆ ಬೇಕಾದ ಬೆಳಕಿನ ಮೂವತ್ತೆರಡರಲ್ಲಿ ಒಂದು ಪಾಲು. ಹಿನ್ನೆಲೆ ಕಪ್ಪಾಗದೆ ಇನ್ನೇನಾಗತ್ತೆ? ಫ್ಲ್ಯಾಶ್ ಆದ್ರೂ ಗೋಡೆ ಮುಟ್ಟತ್ತಾ ಅಂದ್ರೆ ಅದೂ ಇಲ್ಲ. ದೂರ ಎರಡರಷ್ಟಾದ್ರೆ ಬೆಳಕು ಕಾಲು ಭಾಗ. ಮುಖ 1 ಮೀಟರ್‌ನಲ್ಲಿ, ಗೋಡೆ 4 ಮೀಟರ್‌ನಲ್ಲಿ ಇದ್ರೆ ಗೋಡೆಗೆ ಸಿಗೋದು ಹದಿನಾರರಲ್ಲೊಂದು ಭಾಗ.

ಬರೀ ಮಿಂಚಿನ ಮೋಡ್‌ನಲ್ಲಿ ಶಟರ್ ವೇಗ ಕ್ಯಾಮೆರಾವೇ ಆರಿಸೋ ಪಿ, ಎ ಎರಡರಲ್ಲೂ ಅದು ಸಾಮಾನ್ಯವಾಗಿ 1/60ಕ್ಕಿಂತ ಕೆಳಗೆ ಇಳಿಯಲ್ಲ, ಕೈ ಅಲುಗೀತು ಅನ್ನೋ ಭಯಕ್ಕೆ. ಸ್ಲೋ ಅಂದ್ರೆ ಆ ತಡೆ ತೆಗೆದು ಹಾಕೋದು, ಬೇರೇನಿಲ್ಲ. ಎಸ್, ಎಂ ಮೋಡ್‌ಗಳಲ್ಲಿ ಶಟರ್ ಇಡೋದು ನೀವೇ ತಾನೆ? 1/8 ಇಟ್ರೆ ಅದೇ ಸ್ಲೋ ಸಿಂಕ್. ಅದಕ್ಕೇ ಆ ಚಿಹ್ನೆ ಅಲ್ಲಿ ಕಾಣಲ್ಲ.

ಅಲುಗಾಟಕ್ಕೆ ಮದ್ದು ಐಎಸ್‌ಒ. 100 ಇದ್ದಿದ್ದನ್ನ 1600 ಮಾಡಿ. ನಾಲ್ಕು ಸ್ಟಾಪ್ ಸಿಕ್ತು, ಅರ್ಧ ಸೆಕೆಂಡ್ ಇದ್ದದ್ದು 1/30 ಆಯ್ತು. ಫ್ಲ್ಯಾಶ್ ಕೂಡ ಅಷ್ಟು ಉರೀಬೇಕಿಲ್ಲ, ಬೇಗ ಚಾರ್ಜ್ ಆಗತ್ತೆ. ಜೊತೆಗೆ ಫ್ಲ್ಯಾಶ್ ಕಾಂಪೆನ್ಸೇಶನ್ ಮೈನಸ್ 1 ಇಡಿ. ಇದು ಮುಖದ ಮೇಲಿನ ಫ್ಲ್ಯಾಶ್ ಬೆಳಕನ್ನ ಮಾತ್ರ ತಗ್ಗಿಸತ್ತೆ, ಹಿನ್ನೆಲೆಗೆ ಕೈ ಹಾಕಲ್ಲ. ಮೊದಲು ಇಷ್ಟು ಮಾಡಿ ನೋಡಿ.

ಬೆಳಕಿಂಡಿ:
ಕ್ಯಾನನ್ ಇರೋರಿಗೆ ಒಂದು ಸಾಲು. ಅಲ್ಲಿ ಎವಿ ಮೋಡ್‌ಗೆ (ನಿಕಾನ್‌ನ ಎ ಇದ್ದ ಹಾಗೆ) ಹಾಕಿದ್ರೆ ಫ್ಲ್ಯಾಶ್ ಸಾಮಾನ್ಯವಾಗಿ ತಾನಾಗೇ ಸ್ಲೋ ಸಿಂಕ್ ಥರ ನಡ್ಕೊಳತ್ತೆ. ಪಿ ಮೋಡ್‌ನಲ್ಲಿ ಮಾತ್ರ 1/60 ತಡೆ. "ಎವಿಗೆ ಬಂದ ಕೂಡಲೇ ಫೋಟೊ ಎಲ್ಲಾ ಬ್ಲರ್" ಅನ್ನೋ ದೂರು ಬರೋದು ಇಲ್ಲಿಂದಲೇ. ಎವಿಯಲ್ಲಿ ಫ್ಲ್ಯಾಶ್ ವೇಗ ಎಲ್ಲಿಂದ ಎಲ್ಲಿವರೆಗೆ ಇರ್ಬೇಕು ಅಂತ ಕಟ್ಟಿಹಾಕೋ ಆಯ್ಕೆ ಮೆನುವಿನಲ್ಲೇ ಇರತ್ತೆ.

ಇನ್ನು ಹಳೇರೋಲು ಅವರೆ, ಇದ್ದ ಬೆಳಕೇ ಚಂದ ಅಂತೀರಲ್ಲ, ನಡು ಮಧ್ಯಾಹ್ನ ನೆತ್ತಿ ಮೇಲೆ ಸೂರ್ಯ ಇದ್ದಾಗ ಕಣ್ಣುಗುಳಿ ಕಪ್ಪಾಗೋದಕ್ಕೆ ಏನ್ಮಾಡ್ತೀರಿ?

ಹಳೇರೋಲು:
ನೆರಳಿಗೆ ಕರ್ಕೊಂಡು ಹೋಗ್ತೀನಿ. 😊

ಬೆಳಕಿಂಡಿ:
ನೆರಳೇ ಇಲ್ಲದ ಬಯಲಲ್ಲಿ ನಿಂತಿರ್ತಾರೆ ಸ್ವಾಮಿ. ಅಲ್ಲಿ ಮುಖದ ನೆರಳು ತುಂಬೋ ಫಿಲ್ ಫ್ಲ್ಯಾಶ್ ಬಿಟ್ರೆ ಗತಿ ಇಲ್ಲ. ಪಾಪ್-ಅಪ್ ಫ್ಲ್ಯಾಶಿನ ನಿಜವಾದ ಉಪಯೋಗ ಹಗಲಲ್ಲಿ ಅಂತ ನನ್ನ ವಾದ. ಆಟೊದಲ್ಲಿ ಬಿಟ್ರೆ ಕ್ಯಾಮೆರಾ "ಬೆಳಕು ಬೇಕಾದಷ್ಟಿದೆ" ಅಂದ್ಕೊಂಡು ಫ್ಲ್ಯಾಶ್ ಎತ್ತೋದೇ ಇಲ್ಲ. ನೀವೇ ಬಲವಂತವಾಗಿ ಎತ್ತಬೇಕು.

ಆದ್ರೆ ಬಿಸಿಲಲ್ಲಿ ಲೆಕ್ಕ ಬಿಗಿ. ಪಾಪ್-ಅಪ್‌ನ ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿಯ ಅಳತೆ) ಸಾಮಾನ್ಯವಾಗಿ 12ರ ಆಸುಪಾಸು, ಐಎಸ್‌ಒ 100ಕ್ಕೆ, ಮೀಟರ್‌ನಲ್ಲಿ. ಅದನ್ನ ಎಫ್ ಸಂಖ್ಯೆಯಿಂದ ಭಾಗಿಸಿದ್ರೆ ಫ್ಲ್ಯಾಶ್ ಎಷ್ಟು ದೂರ ಮುಟ್ಟತ್ತೆ ಅಂತ ಸಿಗತ್ತೆ. ಸುಡು ಬಿಸಿಲಿಗೆ ಐಎಸ್‌ಒ 100, 1/200, ಎಫ್ 11 ಸರಿಸುಮಾರು ಸರಿಯಾದ ಎಕ್ಸ್‌ಪೋಶರ್. 12 ಭಾಗಿಸು 11, ಒಂದು ಮೀಟರ್ ಚಿಲ್ಲರೆ. ಅಷ್ಟೇ! ಫಿಲ್‌ಗೆ ಪೂರ್ತಿ ಬೆಳಕು ಬೇಡ, ಒಂದು ಸ್ಟಾಪ್ ಕಮ್ಮಿ ಸಾಕು ಅಂದ್ರೆ ಒಂದೂವರೆ ಮೀಟರ್ ಸಿಗತ್ತೆ. ಎದೆ ಮಟ್ಟದ ಪೋರ್ಟ್ರೇಟ್‌ಗೆ ಸಾಲತ್ತೆ. ಹತ್ತು ಮೀಟರ್ ಆಚೆ ನಿಂತವರಿಗೆ ಹೊಡೆಯೋದು ಬ್ಯಾಟರಿಗೆ ದಂಡ. ಆಟದ ಮೈದಾನದಲ್ಲಿ ಕೊನೇ ಸಾಲಿನಿಂದ ಮಿಂಚಿಸ್ತಾರಲ್ಲ, ಆ ಬೆಳಕು ಬೀಳೋದು ಮುಂದಿನ ಸಾಲಿನವರ ತಲೆಗೂದಲ ಮೇಲೆ.

ಮಿರರ್‌ಲೆಸ್_ಮರುಳ:
ಬಿಸಿಲಲ್ಲೇ ನಾನು ಎಫ್ 2.8ಕ್ಕೆ ತೆಗೀಬೇಕು, ಹಿನ್ನೆಲೆ ಮಂಜಾಗ್ಬೇಕು. ಫ್ಲ್ಯಾಶ್ ಆನ್ ಮಾಡಿದ ತಕ್ಷಣ ಶಟರ್ 1/200ಕ್ಕೆ ಬಂದು ಕೂತ್ಕೊಳತ್ತೆ, ಫೋಟೊ ಬೆಳ್ಳಗೆ ಸುಟ್ಟು ಹೋಗತ್ತೆ. ಅದು ಯಾಕೆ?

ನೆರಳುಗಾರ:
ಅದು ಸಿಂಕ್ ವೇಗದ ಮಿತಿ. ಶಟರ್‌ನಲ್ಲಿ ಎರಡು ಪರದೆ ಇರ್ತವೆ. ಮೊದಲನೇದು ಸರಿದು ಸೆನ್ಸರ್ ತೆರೆಯತ್ತೆ, ಎರಡನೇದು ಹಿಂದಿಂದ ಬಂದು ಮುಚ್ಚತ್ತೆ. 1/200 ಅಥವಾ 1/250ರವರೆಗೆ ಒಂದು ಗಳಿಗೆ ಸೆನ್ಸರ್ ಪೂರ್ತಿ ತೆರೆದಿರತ್ತೆ, ಫ್ಲ್ಯಾಶ್ ಆಗ ಹೊಡೆಯತ್ತೆ. ಅದಕ್ಕಿಂತ ವೇಗ ಹೆಚ್ಚಿದ್ರೆ ಮೊದಲ ಪರದೆ ದಾಟೋಕೆ ಮುಂಚೆ ಎರಡನೇದು ಹೊರಟಿರತ್ತೆ. ಬರೀ ಒಂದು ಸೀಳು ಸೆನ್ಸರ್ ಮೇಲೆ ಹರಿದು ಹೋಗತ್ತೆ. ಆಗ ಒಂದೇ ಸಲ ಫ್ಲ್ಯಾಶ್ ಹೊಡೆದ್ರೆ ಫೋಟೊದಲ್ಲಿ ಒಂದು ಪಟ್ಟಿಗೆ ಮಾತ್ರ ಬೆಳಕು, ಮಿಕ್ಕಿದ್ದು ಕಪ್ಪು.

ಎಫ್ 11ರಿಂದ 2.8ಕ್ಕೆ ಬಂದ್ರೆ ನಾಲ್ಕು ಸ್ಟಾಪ್. ನಿಮಗೆ ಬೇಕಾಗಿದ್ದು 1/3200. ಅದಕ್ಕೆ ಹೈಸ್ಪೀಡ್ ಸಿಂಕ್ ಅನ್ನೋ ಮೋಡ್ ಇದೆ. ಆ ಸೀಳು ದಾಟೋಷ್ಟು ಹೊತ್ತೂ ಫ್ಲ್ಯಾಶ್ ಬಹಳ ವೇಗವಾಗಿ ಮಿನುಗ್ತಾ ಇರತ್ತೆ, ಹೆಚ್ಚುಕಮ್ಮಿ ಉರಿಯೋ ದೀಪದ ಥರ. ಅದರಲ್ಲಿ ಪವರ್ ತುಂಬಾ ಸೋರಿ ಹೋಗತ್ತೆ, ಹಾಗಾಗಿ ಫ್ಲ್ಯಾಶ್ ಹತ್ತಿರ ಇರ್ಬೇಕು. ಸಾಮಾನ್ಯವಾಗಿ ಪಾಪ್-ಅಪ್‌ನಲ್ಲಿ ಇದು ಇರಲ್ಲ, ಹೊರಗಿನ ಫ್ಲ್ಯಾಶ್ ಬೇಕು.

ಮಿರರ್‌ಲೆಸ್_ಮರುಳ:
ಲೆನ್ಸಿಗೆ ಬರೋ ಬೆಳಕು ತಗ್ಗಿಸೋ ಎನ್‌ಡಿ ಫಿಲ್ಟರ್ ಹಾಕಿದ್ರೆ? ನಾಲ್ಕು ಸ್ಟಾಪಿನದು ಹಾಕಿ 1/200ರಲ್ಲೇ ತೆಗೀಬಹುದಲ್ವಾ? ಪವರ್ ಕೂಡ ಉಳಿಯತ್ತೆ.

ನೆರಳುಗಾರ:
ತೆಗೀಬಹುದು, ಆದ್ರೆ ಫಿಲ್ಟರ್ ಫ್ಲ್ಯಾಶ್ ಬೆಳಕನ್ನೂ ಬಿಡಲ್ಲ, ಅದನ್ನೂ ಅಷ್ಟೇ ತಿನ್ನತ್ತೆ. ಎಫ್ 2.8ರಲ್ಲಿ ನಾಲ್ಕು ಸ್ಟಾಪ್ ಎನ್‌ಡಿ ಅಂದ್ರೆ ಫ್ಲ್ಯಾಶ್ ಪಾಲಿಗೆ ಎಫ್ 11 ಇದ್ದಂಗೇ. ಬೆಳಕಿಂಡಿ ಹೇಳಿದ ಒಂದು ಮೀಟರ್ ಚಿಲ್ಲರೆ ಹಾಗೇ ಉಳೀತು. ಹೈಸ್ಪೀಡ್ ಸಿಂಕ್‌ನಷ್ಟು ನಷ್ಟ ಆಗಲ್ಲ ಅನ್ನೋದು ಮಾತ್ರ ಲಾಭ.

ಲೆನ್ಸ್ ಒಳಗೇ ಶಟರ್ ಇರೋ ಕಾಂಪ್ಯಾಕ್ಟ್ ಕ್ಯಾಮೆರಾಗಳಿಗೆ ಈ ತಾಪತ್ರಯ ಇಲ್ಲ, 1/1000 ಮೇಲೂ ಕೆಲವು ಸಿಂಕ್ ಆಗ್ತವೆ. ದುಬಾರಿ ದಾರಿ ಬೇಕಂದ್ರೆ ಸೋನಿ 2023ರಲ್ಲಿ ಘೋಷಿಸಿದ ಎ9 III ಇದೆ. ಗ್ಲೋಬಲ್ ಶಟರ್, ಅಂದ್ರೆ ಇಡೀ ಸೆನ್ಸರ್ ಒಟ್ಟಿಗೇ ಬೆಳಕು ಹಿಡಿಯತ್ತೆ, ಪರದೆಗಳ ಗೊಡವೆಯೇ ಇಲ್ಲ, 1/80000ರವರೆಗೆ ಫ್ಲ್ಯಾಶ್ ಸಿಂಕ್ ಆಗತ್ತೆ.

ಹಾಂ, ನೀವು ಮಿರರ್‌ಲೆಸ್ ಬಳಸೋದ್ರಿಂದ ಇನ್ನೊಂದು: ಸೈಲೆಂಟ್ ಅಥವಾ ಎಲೆಕ್ಟ್ರಾನಿಕ್ ಶಟರ್ ಹಾಕಿದ್ರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಹೊಡೆಯೋದೇ ಇಲ್ಲ. ಫ್ಲ್ಯಾಶ್ ಕೆಟ್ಟಿದೆ ಅಂತ ರಿಪೇರಿಗೆ ಕೊಡೋ ಮುಂಚೆ ಅದನ್ನ ನೋಡಿ.

ಅಪರ್ಚರಮ್ಮ:
ಕಣ್ಣಿನ ಗುರುತಿನ ಬಗ್ಗೆ ಯಾರೂ ಮಾತೆತ್ತಿಲ್ಲ, ನಾನು ಹೇಳ್ತೀನಿ. ಕತ್ತಲಲ್ಲಿ ಪಾಪೆ ಅಗಲ ತೆರೆದಿರತ್ತೆ. ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡ ಹಾಗೆ ಇರೋದ್ರಿಂದ ಬೆಳಕು ನೇರ ಒಳಗೆ ಹೋಗಿ, ಕಣ್ಣಿನ ಹಿಂಭಾಗದಲ್ಲಿ ರಕ್ತನಾಳ ತುಂಬಿರೋ ಪದರಕ್ಕೆ ಬಡಿದು, ಬಂದ ದಾರೀಲೇ ವಾಪಸ್ ಲೆನ್ಸಿಗೆ ಬರತ್ತೆ. ಕೆಂಪು ಕಣ್ಣಿಗೆ ಅದೇ ಕಾರಣ. ರೆಡ್-ಐ ಮೋಡ್ ಮಾಡೋದಿಷ್ಟೇ: ಫೋಟೊಗೆ ಮುಂಚೆ ಸುಮಾರು ಒಂದು ಸೆಕೆಂಡ್ ಒಂದು ದೀಪ ಉರಿಸತ್ತೆ, ಇಲ್ಲಾಂದ್ರೆ ಫ್ಲ್ಯಾಶನ್ನೇ ಮೆಲ್ಲಗೆ ಮಿನುಗಿಸತ್ತೆ. ಪಾಪೆ ಕುಗ್ಗಲಿ ಅಂತ.

ನನಗೆ ಆ ಮೋಡ್ ಕಂಡ್ರೆ ಆಗಲ್ಲ. ಆ ಒಂದು ಸೆಕೆಂಡ್‌ನಲ್ಲಿ ನಗು ಆರಿ ಹೋಗಿರತ್ತೆ. ಮಕ್ಕಳಂತೂ ಬೆಳಕು ಮಿನುಗಿದ್ದೇ ತಡ ಫೋಟೊ ಆಯ್ತು ಅಂದ್ಕೊಂಡು ಓಡ್ತಾರೆ, ಕ್ಯಾಮೆರಾಕ್ಕೆ ಸಿಗೋದು ಬೆನ್ನು. ಅದರ ಬದಲು ಕೋಣೆಯ ದೀಪ ಎಲ್ಲಾ ಹಾಕಿ, ಪಾಪೆ ತಾನೇ ಕುಗ್ಗತ್ತೆ. ಲೆನ್ಸನ್ನೇ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ ಅನ್ನಿ. ಉಳಿದಿದ್ದನ್ನ ಆಮೇಲೆ ಕಂಪ್ಯೂಟರ್‌ನಲ್ಲಿ ಸರಿ ಮಾಡಿದ್ರಾಯ್ತು.

ಒಂದು ಗಂಭೀರ ಮಾತು ಮಾತ್ರ ಗಮನದಲ್ಲಿರ್ಲಿ. ಚಿಕ್ಕ ಮಗುವಿನ ಫ್ಲ್ಯಾಶ್ ಫೋಟೊಗಳಲ್ಲಿ ಒಂದು ಕಣ್ಣು ಕೆಂಪಗಿದ್ದು, ಇನ್ನೊಂದರ ಪಾಪೆ ಮತ್ತೆ ಮತ್ತೆ ಬೆಳ್ಳಗೆ ಕಾಣ್ತಿದ್ರೆ ತಡ ಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಕ್ಯಾಮೆರಾ ಕೋನದಿಂದಲೂ ಹಾಗೆ ಕಾಣಬಹುದು. ಆದ್ರೆ ರೆಟಿನೊಬ್ಲಾಸ್ಟೋಮಾ ಅನ್ನೋ ಕಣ್ಣಿನ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳೋ ಬಗೆಗಳಲ್ಲಿ ಇದೂ ಒಂದು. ಅದನ್ನ ಸಾಫ್ಟ್‌ವೇರ್‌ನಲ್ಲಿ ತಿದ್ದಿ ಮರೆಯೋದಲ್ಲ.

ಹಳೇರೋಲು:
ಇದು ಗೊತ್ತಿರಲಿಲ್ಲ ಅಮ್ಮ. ಧನ್ಯವಾದ.

ಮೂರುಕಾಲು:
ರಿಯರ್ ನನ್ನ ವಿಷಯ, ಬಿಟ್ಕೊಡಿ. 1/60ರಲ್ಲಿ ತೆಗೆದ್ರೆ ವ್ಯತ್ಯಾಸ ಕಾಣೋದೇ ಇಲ್ಲ ಮಾರಾಯ್ರೆ, ಕ್ಲಿಕ್ಕಿಗರ ಕಣ್ಣಲ್ಲೇನೂ ದೋಷ ಇಲ್ಲ. ಶಟರ್ 1/4, 1/2 ಹೀಗೆ ನಿಧಾನ ಇರ್ಬೇಕು, ವಸ್ತು ಚಲಿಸ್ತಾ ಇರ್ಬೇಕು, ಅದರ ಮೇಲೆ ಬೇರೆ ಬೆಳಕೂ ಸ್ವಲ್ಪ ಬೀಳ್ತಿರ್ಬೇಕು.

ಮುಸ್ಸಂಜೇಲಿ ದೀಪ ಹಾಕ್ಕೊಂಡು ಸೈಕಲ್ ಎಡದಿಂದ ಬಲಕ್ಕೆ ಹೋಗ್ತಿದೆ ಅನ್ನಿ. ಮಾಮೂಲಿ ಮೋಡ್‌ನಲ್ಲಿ ಶಟರ್ ತೆರೆದ ಕೂಡಲೇ ಫ್ಲ್ಯಾಶ್. ಸೈಕಲ್ ಅಲ್ಲೇ ಚೂಪಾಗಿ ಅಚ್ಚಾಯ್ತು. ಆಮೇಲೆ ಶಟರ್ ಮುಚ್ಚೋವರೆಗೆ ಸೈಕಲ್ ಮುಂದೆ ಹೋಗ್ತಾನೇ ಇರತ್ತೆ, ದೀಪದ ಗೆರೆ ಅದರ ಮುಂದೆ ಎಳೆದುಕೊಳ್ಳತ್ತೆ. ನೋಡಿದವರಿಗೆ ಸೈಕಲ್ ಹಿಂದಕ್ಕೆ ಹೋಗ್ತಿದೆ ಅನ್ಸತ್ತೆ. ರಿಯರ್‌ನಲ್ಲಿ ಮೊದಲು ಗೆರೆ, ಶಟರ್ ಮುಚ್ಚೋ ಹೊತ್ತಿಗೆ ಫ್ಲ್ಯಾಶ್. ಸೈಕಲ್ ಮುಂದೆ, ಗೆರೆ ಬಾಲದ ಕಡೆ.

ಹಾಗಂತ ಸದಾ ರಿಯರ್ ಹಾಕಿಡಿ ಅನ್ನೋರ ಮಾತು ಕೇಳಬೇಡಿ. ಅರ್ಧ ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲಿ ನೀವು ಬಟನ್ ಒತ್ತಿದಾಗ ಕಂಡ ಮುಖಭಾವ ಒಂದು, ಫ್ಲ್ಯಾಶ್ ಹೊಡೆಯೋ ಹೊತ್ತಿಗೆ ಇರೋದು ಇನ್ನೊಂದು. ಮೇಲಿಂದ ಪವರ್ ತಾನೇ ಲೆಕ್ಕ ಹಾಕೋ ಟಿಟಿಎಲ್ ಫ್ಲ್ಯಾಶ್ ಬೆಳಕು ಅಳೆಯೋಕೆ ಶುರುವಲ್ಲೇ ಒಂದು ಸಣ್ಣ ಮಿಂಚು ಬಿಡತ್ತೆ. ಜನ ಅದನ್ನೇ ಫೋಟೊ ಅಂದ್ಕೊಂಡು ತಿರುಗಿಬಿಡ್ತಾರೆ, ಅಸಲಿ ಮಿಂಚು ಹೊಡೆದಾಗ ಕಿವಿ ಕಾಣತ್ತೆ. ಚಲನೆ ಇಲ್ಲದ ಮನುಷ್ಯರ ಫೋಟೊಗೆ ಮಾಮೂಲಿ ಸ್ಲೋ ಸಾಕು. "ನಾನು ಆಯ್ತು ಅನ್ನೋವರೆಗೆ ಅಲುಗಬೇಡಿ" ಅಂತ ಮೊದಲೇ ಹೇಳಿ.

ಅಪರ್ಚರಮ್ಮ:
ಆ ಮುಂಗಡ ಮಿಂಚಿಗೇ ಕಣ್ಣು ಮುಚ್ಚೋರೂ ಇದಾರೆ. ಪ್ರತಿ ಫೋಟೊದಲ್ಲೂ ನಿದ್ದೆ ಮಾಡ್ತಿರೋ ಹಾಗೆ ಬರ್ತಾರೆ ಪಾಪ. ಅವರಿಗೆ ಎಫ್‌ವಿ ಲಾಕ್ ಬಳಸಿ, ಕ್ಯಾನನ್‌ನಲ್ಲಿ ಎಫ್‌ಇ ಲಾಕ್. ಬಟನ್ ಒತ್ತಿದ್ರೆ ಅಳತೆ ಮಿಂಚು ಮೊದಲೇ ಹೊಡೆದು ಮುಗಿಯತ್ತೆ, ಆಮೇಲೆ ನಿಧಾನಕ್ಕೆ ಕ್ಲಿಕ್ ಮಾಡಿ. ಮ್ಯಾನುಯಲ್ ಪವರ್‌ಗೆ ಹಾಕಿದ್ರೂ ಅಳತೆ ಮಿಂಚು ಇರಲ್ಲ.

ಕ್ಲಿಕ್ಕಿಗ:
ಎಲ್ಲರಿಗೂ ದೊಡ್ಡ ನಮಸ್ಕಾರ. ನೆರಳುಗಾರ ಸರ್ ಹೇಳಿದ ಹಾಗೆ ಐಎಸ್‌ಒ 1600, ಸ್ಲೋ, ಮೈನಸ್ 1 ಇಟ್ಟೆ. ಶಟರ್ 1/30 ಬಂತು. ಗೋಡೆ, ಪರದೆ, ಹಿಂದಿನ ದೀಪ ಎಲ್ಲಾ ಬಂತು, ಮುಖ ಚೂಪಾಗಿದೆ. ಇದೇ ಕ್ಯಾಮೆರಾನಾ ಅನ್ನಿಸ್ತು! ಆದ್ರೆ ಹೊಸ ಕಾಟ: ಮುಖ ಬೆಳ್ಳಗೆ ಸರಿಯಾಗಿದೆ, ಹಿಂದಿನ ಕೋಣೆ ಎಲ್ಲಾ ಕಿತ್ತಳೆ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣೋ ಹಾಗೆ ಬಣ್ಣ ಹೊಂದಿಸೋದು) ಬಲ್ಬಿಗೆ ಇಟ್ರೆ ಕೋಣೆ ಸರಿಹೋಗತ್ತೆ, ಮುಖ ನೀಲಿ. ಇನ್ನೊಂದು, ಜೂಮ್ ಲೆನ್ಸ್ ಹಾಕಿದಾಗ ಫೋಟೊದ ಕೆಳಗೆ ಅರ್ಧಚಂದ್ರದ ಥರ ಕಪ್ಪು ಬರ್ತಿದೆ.

ಬೆಳಕಿಂಡಿ:
ಅರ್ಧಚಂದ್ರ ಲೆನ್ಸ್ ಹುಡ್ಡಿನ ನೆರಳು. ಪಾಪ್-ಅಪ್ ಬಳಸುವಾಗ ಹುಡ್ ತೆಗೆದಿಡಿ. ಲೆನ್ಸೇ ಉದ್ದ ಇದ್ರೆ ಸ್ವಲ್ಪ ಹಿಂದೆ ಸರಿದು ಜೂಮ್ ಮಾಡಿ.

ಬಣ್ಣದ್ದು ಎರಡು ಬೆಳಕಿನ ಜಗಳ. ಫ್ಲ್ಯಾಶ್ ಹೆಚ್ಚುಕಮ್ಮಿ 5500 ಕೆಲ್ವಿನ್, ಹಗಲಿನ ಬಣ್ಣ. ಹಳದಿ ಬಲ್ಬು 3000ದ ಆಸುಪಾಸು. ಒಂದು ವೈಟ್ ಬ್ಯಾಲೆನ್ಸ್ ಎರಡಕ್ಕೂ ಒಪ್ಪಲ್ಲ. ಫ್ಲ್ಯಾಶಿನ ಮುಖಕ್ಕೆ ಕಿತ್ತಳೆ ಜೆಲ್ ಹಾಳೆಯ ಒಂದು ತುಂಡು ಅಂಟಿಸಿ. ಸಿಟಿಒ ಅಂತ ಸಿಗತ್ತೆ. ಆಗ ಫ್ಲ್ಯಾಶೂ ಬಲ್ಬಿನ ಬಣ್ಣಕ್ಕೆ ಇಳಿಯತ್ತೆ, ವೈಟ್ ಬ್ಯಾಲೆನ್ಸ್ ಬಲ್ಬಿಗೆ ಇಟ್ರೆ ಎರಡೂ ಒಟ್ಟಿಗೆ ಸರಿಹೋಗತ್ತೆ. ಜೆಲ್ ಸ್ವಲ್ಪ ಬೆಳಕು ನುಂಗತ್ತೆ. ಐಎಸ್‌ಒ 1600 ಇರೋದ್ರಿಂದ ತೊಂದ್ರೆ ಇಲ್ಲ.

ಹಳೇರೋಲು:
ಹಿನ್ನೆಲೆ ಸ್ವಲ್ಪ ಹಳದಿ ಇದ್ರೆ ನನಗಂತೂ ಇಷ್ಟ. ಮನೆಯ ದೀಪ ಮನೆಯ ದೀಪದ ಹಾಗೆ ಕಾಣಲಿ ಬಿಡಿ. ಅರ್ಧ ಸಾಂದ್ರತೆಯ ಜೆಲ್ ಹಾಕಿ, ಪೂರ್ತಿ ಒಂದೇ ಬಣ್ಣ ಮಾಡಿದ್ರೆ ಆಸ್ಪತ್ರೆ ಕಳೆ ಬರತ್ತೆ.

ಬೆಳಕಿಂಡಿ:
ಅರೆ, ಫ್ಲ್ಯಾಶ್ ಮುಚ್ಚಿಡಿ ಅಂದವರು ಜೆಲ್‌ವರೆಗೆ ಬಂದ್ರಲ್ಲ!

ಹಳೇರೋಲು:
ಮುಚ್ಚಿಡಿ ಅಂದಿದ್ದು ಎದುರಿಗೆ ಹೊಡೆಯೋ ಫ್ಲ್ಯಾಶ್. ಹೊರಗಿನ ಫ್ಲ್ಯಾಶ್ ತಿರುಗಿಸಿ ಬಿಳಿ ಸೂರಿಗೆ ಹೊಡೆದ್ರೆ ನಾನೂ ಒಪ್ತೀನಿ. ಸೂರು ಎತ್ತರ ಇದ್ರೆ, ಇಲ್ಲಾ ಬಣ್ಣ ಬಳಿದಿದ್ರೆ ಆಗಲ್ಲ. ಹಸಿರು ಸೂರಿಗೆ ಹೊಡೆದ್ರೆ ಮುಖವೂ ಹಸಿರು. ಅಂದಹಾಗೆ ಎಎ ಸೆಲ್ ಹಾಕೋ ಫ್ಲ್ಯಾಶ್ ತಗೊಂಡ್ರೆ ಎನ್‌ಐಎಂಎಚ್ ರೀಚಾರ್ಜೆಬಲ್ ಹಾಕಿ. ಮಾಮೂಲಿ ಆಲ್ಕಲೈನ್‌ಗಿಂತ ಫ್ಲ್ಯಾಶ್ ಬೇಗ ಮರುಚಾರ್ಜ್ ಆಗತ್ತೆ. ಮತ್ತೆ ಕೆಟ್ಟ ಫ್ಲ್ಯಾಶ್ ಮನೇಲಿ ಬಿಚ್ಚೋ ಸಾಹಸ ಬೇಡ, ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಕೂತಿರತ್ತೆ, ಆಫ್ ಮಾಡಿದ್ರೂ.

ಕ್ಲಿಕ್ಕಿಗ:
ಸದ್ಯಕ್ಕೆ ಪಾಪ್-ಅಪ್ ಒಂದೇ ಗತಿ. ಕೊನೇ ಪ್ರಶ್ನೆ. ಎರಡು ಸಾಲಿನ ಗುಂಪು ಫೋಟೊ ತೆಗೀಬೇಕು. ಹಿಂದಿನ ಸಾಲು ಕಪ್ಪಾಗತ್ತೆ, ಕನ್ನಡಕ ಹಾಕಿರೋರ ಕಣ್ಣಲ್ಲಿ ಬಿಳಿ ಚುಕ್ಕೆ. ಏನು ಮಾಡ್ಲಿ?

ನೆರಳುಗಾರ:
ಹಿಂದೆ ಸರೀರಿ. ಮುಂದಿನ ಸಾಲು 2 ಮೀಟರ್, ಹಿಂದಿನದು 3 ಮೀಟರ್ ಇದ್ರೆ ಹಿಂದಿನವರಿಗೆ ಬೀಳೋದು ಅರ್ಧಕ್ಕಿಂತ ಕಮ್ಮಿ ಬೆಳಕು. ನೀವು ಇನ್ನೆರಡು ಮೀಟರ್ ಹಿಂದೆ ಹೋಗಿ 4 ಮತ್ತು 5 ಮಾಡಿ, ಆಗ ವ್ಯತ್ಯಾಸ ಅರ್ಧ ಸ್ಟಾಪಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಅಷ್ಟು ದೂರ ಮುಟ್ಟತ್ತಾ ಅನ್ನೋ ಚಿಂತೆ ಬೇಡ. ಐಎಸ್‌ಒ 1600ರಲ್ಲಿ ಗೈಡ್ ನಂಬರ್ ನಾಲ್ಕು ಪಟ್ಟು, 12 ಇದ್ದದ್ದು 48. ಎಫ್ 5.6ಕ್ಕೆ ಎಂಟು ಮೀಟರ್ ದಾಟತ್ತೆ. ಸಾಲುಗಳನ್ನೂ ಒಂದಕ್ಕೊಂದು ಅಂಟಿಸಿ ನಿಲ್ಲಿಸಿ. ಸ್ಲೋ ಇರ್ಲಿ, ಟ್ರೈಪಾಡ್ ಇದ್ರೆ ಒಳ್ಳೇದು. ಒಂದರ ಹಿಂದೆ ಒಂದು ಬಡಬಡ ಹೊಡೀಬೇಡಿ, ಫ್ಲ್ಯಾಶ್ ಸಿದ್ಧ ಆಗೋಕೆ ಬಿಡಿ.

ಅಪರ್ಚರಮ್ಮ:
ಕನ್ನಡಕಕ್ಕೆ ಹಳೇ ಉಪಾಯ: ಕಿವಿ ಮೇಲೆ ಕೂರೋ ಕಡ್ಡಿ ಒಂದು ಚೂರು ಮೇಲೆತ್ತಿ ಕೂರಿಸೋಕೆ ಹೇಳಿ. ಗಾಜು ಸ್ವಲ್ಪ ಕೆಳಕ್ಕೆ ವಾಲತ್ತೆ, ಪ್ರತಿಫಲನ ನೆಲದ ಕಡೆ ಹೋಗತ್ತೆ. ಎದುರಿಂದ ನೋಡಿದ್ರೆ ಗೊತ್ತೇ ಆಗಲ್ಲ. ಗದ್ದ ಒಂದಿಷ್ಟು ತಗ್ಗಿಸಿದ್ರೂ ನಡೆಯತ್ತೆ, ಜಾಸ್ತಿ ಬೇಡ, ಕುತ್ತಿಗೆ ಮಡಚತ್ತೆ.

ಮೂರುಕಾಲು:
ಹಿಂದೆ ಕಿಟಕಿ ಗಾಜು, ಬೀರು ಕನ್ನಡಿ ಇಲ್ಲದ ಕಡೆ ನಿಲ್ಲಿಸಿ. ಇದ್ದೇ ತೀರುತ್ತೆ ಅಂದ್ರೆ ನೇರ ಎದುರು ನಿಲ್ಲಬೇಡಿ, ಒಂದು ಪಕ್ಕಕ್ಕೆ ಸರಿದು ಓರೆಯಾಗಿ ತೆಗೀರಿ. ಫೋಟೊ ಇಲ್ಲೇ ಹಾಕಿ, ನೋಡೋಣ.

ಕ್ಲಿಕ್ಕಿಗ:
ಹಿಂದೆ ಬೀರು ಇದೆ, ಕನ್ನಡೀನೂ ಇದೆ. ಈಗಲೇ ಹೋಗಿ ಸರಿಸ್ತೀನಿ.